ಬರ್ತೇನಿ ಅಂದವಳು

ನಾನು ಆರು ವರ್ಷದವಳಿದ್ದಾಗ ಅವ್ವ ನನ್ನ ಬಾಯಿ ಮೇಲೆ ಒಂದು ಏಟು ಕೊಟ್ಟಿದ್ದಳು. ಜೋರಾಗಿಯೇನಲ್ಲ. ಅವಳ ಕೈಗೆ ಮೆತ್ತಿದ್ದ ಜೋಳದ ಹಿಟ್ಟು ನನ್ನ ತುಟಿಗೂ ಮೆತ್ತಿಕೊಂಡಿತು, ಅಷ್ಟೆ. ನಾನು ಮಾಡಿದ ತಪ್ಪೆಂದರೆ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಅವ್ವಾ, ಸಾಲಿಗೆ ಹೋಗ್ತೇನಿ" ಅಂದದ್ದು.

"ಹೋಗ್ತೇನಿ ಅನಬಾರದು. ಬರ್ತೇನಿ ಅನ್ನು."

"ಬರೂದು ಸಂಜೀಕ. ಈಗ ಹೋಗಾಕತ್ತೇನಿ ಅಲ್ಲ?"

"ಹೊಂಟಾಗನ ಬರೂ ಮಾತು ಆಡಬೇಕು. ಹೋಗ್ತೇನಿ ಅಂತ ಹೋಗಾವ್ರು ತಿರುಗಿ ಬರೂದಿಲ್ಲ."

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಂಟರ ಮನೆಯಿಂದ ಹೊರಟರೂ ಬರ್ತೇನಿ, ಅಂಗಡಿಯಿಂದ ಹೊರಟರೂ ಬರ್ತೇನಿ, ಬಾಡಿಗೆ ಮನೆ ಖಾಲಿ ಮಾಡಿ ಕೀಲಿ ಕೊಡುವಾಗಲೂ ಬರ್ತೇನಿ. ಅದರಲ್ಲಿ ಬರುವ ಮಾತು ಎಷ್ಟಿದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ನಾನು ಈ ಮಾತನ್ನು ಒಬ್ಬನಿಗೆ ಹೇಳಿ ಹೋಗಿಬಿಟ್ಟೆ. ಅವನು ಕನ್ನಡದವನಲ್ಲ. ಆ ಮಾತಿನ ಅರ್ಥವನ್ನು ಅವನಿಗೆ ಕಲಿಸಿದವಳು ನಾನೇ.

ಅವ್ವ ಧಾರವಾಡದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪನ ಕಡೆಗಾಗಲಿ ಅವ್ವನ ಕಡೆಗಾಗಲಿ ನನಗಿಂತ ಮೊದಲು ಡಿಗ್ರಿ ಮಾಡಿದವರು ಯಾರೂ ಇಲ್ಲ. ಇದನ್ನು ಹೇಳುವಾಗ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಬಿ.ಎಸ್ಸಿ. ನರ್ಸಿಂಗ್. ಇಂಗ್ಲಿಷ್ ಬಾರದೆ ಮೊದಲ ವರ್ಷ ಅನಾಟಮಿಯನ್ನು ಪೂರ್ತಿ ಬಾಯಿಪಾಠ ಮಾಡಿ, ಅದರ ಅರ್ಥವನ್ನು ಎರಡನೇ ವರ್ಷ ತಿಳಿದುಕೊಂಡವಳು ನಾನು. ಡಿಗ್ರಿ ಸರ್ಟಿಫಿಕೇಟ್ ಮನೆಗೆ ಬಂದ ದಿನ ಅವ್ವ ಮೂರು ಸಲ ಕೈ ತೊಳೆದುಕೊಂಡು ಅದನ್ನು ಮುಟ್ಟಿದಳು. ಮರುದಿನ ನನ್ನನ್ನು ಕೇಳದೆಯೇ ಒಯ್ದು, ಎಣ್ಣೆ ಹತ್ತದ ಹಾಗೆ, ನೀರು ಬೀಳದ ಹಾಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಳು. ಮುಂದೆ ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕುವಾಗ ಲ್ಯಾಮಿನೇಟ್ ಮಾಡಿದ ಮೂಲಪ್ರತಿ ನಡೆಯುವುದಿಲ್ಲ ಅಂದರು. ಯೂನಿವರ್ಸಿಟಿಯಿಂದ ಇನ್ನೊಂದು ತರಿಸಿಕೊಂಡೆ. ಲ್ಯಾಮಿನೇಟ್ ಆದದ್ದನ್ನು ಮಾತ್ರ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡು ಸಿಡ್ನಿಗೆ ಬಂದೆ. ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ಇನ್ನಿಬ್ಬರು ನರ್ಸ್‌ಗಳ ಜೊತೆ ರೆಂಟ್ ಮಾಡಿದ ಫ್ಲ್ಯಾಟ್‌ನಲ್ಲಿ, ದೇವರ ಫೋಟೋ ಹಾಕುವ ಮೊದಲು ಅದನ್ನು ಗೋಡೆಗೆ ಹಾಕಿದೆ.

ಅವನು ನನ್ನ ಆಸ್ಪತ್ರೆಯಲ್ಲಿ ವಾರ್ಡ್ಸ್‌ಮನ್. ಅಂದರೆ ರೋಗಿಗಳನ್ನು ಟ್ರಾಲಿಯಲ್ಲಿ ಮಲಗಿಸಿ ಎಕ್ಸ್‌ರೇಗೋ ಆಪರೇಷನ್ನಿಗೋ ತಳ್ಳಿಕೊಂಡು ಹೋಗುವವನು. ಕೊರಿಯಾದಿಂದ ಹತ್ತೊಂಬತ್ತನೇ ವಯಸ್ಸಿಗೆ ಬಂದವನು. ಅವನು ಟ್ರಾಲಿ ತಳ್ಳುವ ರೀತಿ ನೋಡಿದರೆ ಯಾರಿಗಾದರೂ ಇಷ್ಟವಾಗುತ್ತಿತ್ತು. ಲಿಫ್ಟ್‌ನ ಬಾಗಿಲ ಬಳಿ ನೆಲ ಸ್ವಲ್ಪ ಎದ್ದಿರುತ್ತದಲ್ಲ, ಅಲ್ಲಿ ಟ್ರಾಲಿಯ ಮುಂದಿನ ಗಾಲಿಯನ್ನು ಕೈಯಲ್ಲಿ ತುಸು ಎತ್ತಿ ದಾಟಿಸುತ್ತಿದ್ದ. ಸೊಂಟ ಮುರಿದುಕೊಂಡ ಮುದುಕಿಯರಿಗೆ ಆ ಒಂದು ಕುಲುಕಾಟ ತಪ್ಪುತ್ತಿತ್ತು. ಬೇರೆ ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

ಊಟದ ಬಿಡುವಿನಲ್ಲಿ ಅವನು ಟ್ಯಾಬ್ಲೆಟ್ ತೆರೆದು ಕಾಮಿಕ್ಸ್ ತರದ ಚಿತ್ರಕಥೆ ಬರೆಯುತ್ತಿದ್ದ. ವಾರಕ್ಕೊಂದು ಕಂತು ಇಂಟರ್ನೆಟ್ಟಿಗೆ ಹಾಕುತ್ತಿದ್ದ. ಚಿತ್ರ ಅವನದು, ಇಂಗ್ಲಿಷ್ ಮಾತ್ರ ಅವನಿಗೆ ತೊಡಕು. ಒಂದು ದಿನ ನನ್ನ ಡಬ್ಬಿಯ ಶೇಂಗಾ ಚಟ್ನಿ ನೋಡಿ ಇದೇನು ಎಂದು ಕೇಳಿದವನು, ಅದನ್ನು ತಿಂದು ಕಣ್ಣೀರು ಸುರಿಸುತ್ತಾ, "ಈ ವಾಕ್ಯ ಸರಿ ಇದೆಯಾ ನೋಡ್ತೀಯಾ?" ಎಂದು ಟ್ಯಾಬ್ಲೆಟ್ ನನ್ನ ಕಡೆ ತಿರುಗಿಸಿದ. ನಾವು ಆಡುತ್ತಿದ್ದದ್ದು ಇಂಗ್ಲಿಷೇ. ಆದರೆ ಅವನ ಮಾತುಗಳು ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದಿವೆ. ಹೇಗೆ ಎಂದು ಕೇಳಿದರೆ ಗೊತ್ತಿಲ್ಲ.

ಅವನ ಅಜ್ಜಿ ಹೇಳುತ್ತಿದ್ದ ಹಳೆಯ ಕಥೆ ಅದು. ಒಬ್ಬ ಬಡ ಕಟ್ಟಿಗೆ ಕಡಿಯುವವನು ಬೇಟೆಗಾರನಿಂದ ಜಿಂಕೆಯನ್ನು ಉಳಿಸುತ್ತಾನೆ. ಜಿಂಕೆ ಅವನಿಗೊಂದು ಗುಟ್ಟು ಹೇಳುತ್ತದೆ: ಬೆಟ್ಟದ ಕೊಳಕ್ಕೆ ಆಕಾಶದ ಕನ್ಯೆಯರು ಮೀಯಲು ಬರುತ್ತಾರೆ, ಒಬ್ಬಳ ರೆಕ್ಕೆಯ ಬಟ್ಟೆ ಬಚ್ಚಿಡು, ಅವಳು ಹಾರಲಾರದೆ ನಿನ್ನವಳಾಗುತ್ತಾಳೆ. ಅವನು ಹಾಗೇ ಮಾಡುತ್ತಾನೆ. ಸಂಸಾರ, ಮಕ್ಕಳು. ಒಂದು ದಿನ ಮನಸ್ಸು ಕರಗಿ ಬಟ್ಟೆ ತೋರಿಸುತ್ತಾನೆ, ಅವಳು ಮಕ್ಕಳನ್ನು ಎತ್ತಿಕೊಂಡು ಹಾರಿಹೋಗುತ್ತಾಳೆ. ಅವನು ಕೊನೆಗೆ ಹುಂಜವಾಗಿ ದಿನಾ ಬೆಳಿಗ್ಗೆ ಕತ್ತೆತ್ತಿ ಆಕಾಶ ನೋಡಿ ಕೂಗುತ್ತಾನೆ.

ಇವನು ಅದನ್ನು ಸಿಡ್ನಿಗೆ ತಂದಿದ್ದ. ಕಟ್ಟಿಗೆಯವನು ಕೌನ್ಸಿಲ್, ಅಂದರೆ ಅಲ್ಲಿನ ನಗರಸಭೆಯ ಪರವಾಗಿ ಬೀದಿಮರಗಳನ್ನು ಕಡಿಯುವವನು. ಜಿಂಕೆಯ ಬದಲು ಪಾಸಮ್, ಅಲ್ಲಿನ ಮರಗಳ ಮೇಲಿರುವ ಬೆಕ್ಕಿನಷ್ಟು ದೊಡ್ಡ ಪ್ರಾಣಿ. ಕನ್ಯೆ ಬಂದಿಳಿಯುವುದು ಸಮುದ್ರದ ಬಂಡೆಗಳ ನಡುವಿನ ಈಜುಕೊಳಕ್ಕೆ. ಬಟ್ಟೆ ಬಚ್ಚಿಡುವುದು ಟ್ರಕ್ಕಿನ ಟೂಲ್ ಬಾಕ್ಸಿನಲ್ಲಿ.

"ಬಟ್ಟೆ ಕದ್ದವನನ್ನ ಅವಳು ಪ್ರೀತಿಸ್ತಾಳಾ? ನಮ್ಮೂರಲ್ಲಿ ಅವನಿಗೆ ಕಳ್ಳ ಅಂತಾರೆ," ಅಂದೆ.

"ನಮ್ಮಜ್ಜಿ ಕಥೇಲಿ ಅವಳನ್ನ ಯಾರೂ ಕೇಳೋದೇ ಇಲ್ಲ."

"ನೀನಾದ್ರೂ ಕೇಳು."

ಮರುವಾರದ ಕಂತಿನಲ್ಲಿ ಆ ಮರ ಕಡಿಯುವವನು ಮೂರನೇ ದಿನಕ್ಕೇ ಬಟ್ಟೆ ವಾಪಸು ಕೊಟ್ಟು ಕ್ಷಮೆ ಕೇಳಿದ. ಅವಳು ಅದನ್ನು ಮಡಿಚಿ ಕಪಾಟಿನಲ್ಲಿಟ್ಟು, ತನ್ನಿಷ್ಟದಿಂದಲೇ ಉಳಿದುಕೊಂಡಳು. ಓದುಗರು ಹೆಚ್ಚಾದದ್ದೇ ಆಮೇಲೆ ಎಂದು ಅವನು ಹೇಳುತ್ತಿದ್ದ. ನನಗೆ ಒಳಗೊಳಗೇ ಹೆಮ್ಮೆ.

ಒಮ್ಮೆ ಫ್ಲ್ಯಾಟಿಗೆ ಬಂದವನು ಗೋಡೆಯ ಮೇಲಿನ ಲ್ಯಾಮಿನೇಷನ್ ನೋಡಿ ಬಗ್ಗಿ ನಮಸ್ಕಾರ ಮಾಡಿದ. ಅಂದಿನಿಂದ ನನ್ನನ್ನು ಕರೆಯುತ್ತಿದ್ದದ್ದೇ "ಗ್ರಾಜುಯೇಟ್" ಎಂದು. "ಗ್ರಾಜುಯೇಟ್, ಇಲ್ಲಿ ಕಾಮಾ ಬೇಕಾ?" "ಗ್ರಾಜುಯೇಟ್, ನಿನ್ನ ಚಟ್ನಿಗೆ ಲೈಸೆನ್ಸ್ ಇದೆಯಾ?" ನಾನೂ ಕೇಳಿದೆ, ನೀನು ಏನು ಓದಿದ್ದೀಯ ಅಂತ.

"ಎರಡು ವರ್ಷ ಇಂಜಿನಿಯರಿಂಗ್. ಬಿಟ್ಟೆ. ಕ್ಲಾಸಲ್ಲಿ ಬರೀ ಮೇಷ್ಟ್ರ ಚಿತ್ರ ಬರೀತಿದ್ದೆ."

ನಗುತ್ತಾ ಹೇಳಿದ, ಎಲ್ಲೋ ಛತ್ರಿ ಮರೆತು ಬಂದವನ ಹಾಗೆ. ಆ ನಗು ನನಗೆ ಸಣ್ಣ ಮುಳ್ಳಿನಂತೆ ಚುಚ್ಚಿತು. ರೊಟ್ಟಿ ಬಡಿದು ಬಡಿದು ಒರಟಾದ ಅವ್ವನ ಅಂಗೈ ನೆನಪಾಯಿತು. ಒಬ್ಬಳು ಕೆಂಡದ ಮುಂದೆ ಕೂತು ಕೊಡಿಸಿದ್ದನ್ನು ಇನ್ನೊಬ್ಬ ಹೀಗೆ ಬಿಟ್ಟುಬರುತ್ತಾನಲ್ಲ ಅನ್ನಿಸಿತು. ಎಲ್ಲರ ಮುಖಕ್ಕೂ ನೇರ ಮಾತಾಡುವವಳೆಂದು ವಾರ್ಡಿನಲ್ಲಿ ಹೆಸರು ಮಾಡಿದವಳು ಆ ಮುಳ್ಳನ್ನು ಮಾತ್ರ ಒಳಗೇ ಇಟ್ಟುಕೊಂಡೆ.

ಶಿಫ್ಟ್ ಮುಗಿಸಿ ಹೊರಡುವಾಗ ನಾನು ದಿನಾ ಅವನಿಗೆ "ಬರ್ತೇನಿ" ಅನ್ನುತ್ತಿದ್ದೆ. ಬಾಯಿಗೆ ತಾನಾಗಿ ಬರುತ್ತಿತ್ತು. ಅರ್ಥ ಕೇಳಿದ. ನಾನು ಬರುತ್ತೇನೆ ಎಂದು ಅರ್ಥ, ಅಂದೆ. ಮರುದಿನ ನಾನು ಡ್ಯೂಟಿಗೆ ಬಂದ ಕೂಡಲೇ, "ಹೇಳಿದ ಹಾಗೇ ನೀನು ಬಂದೆ ನೋಡು," ಅಂದ. ಅಲ್ಲಿಂದ ಅದೊಂದು ಆಟವಾಯಿತು. ಒಂದು ವರ್ಷಕ್ಕೂ ಮೇಲೆ ನಾನು ಪ್ರತಿಸಲ ಬರ್ತೇನಿ ಅಂದೆ, ಪ್ರತಿಸಲ ಬಂದೆ.

ಅವರ ಭಾಷೆಯಲ್ಲೂ ಇಂಥದ್ದಿದೆಯಂತೆ. ಮನೆಯಿಂದ ಹೊರಡುವವರು "ದಾನ್ಯೊಓಲ್ಗೆ" ಅನ್ನುತ್ತಾರೆ, ಅಂದರೆ ಹೋಗಿ ಬರುತ್ತೇನೆ. "ಆದ್ರೆ ತಿರುಗಿ ಬರಬೇಕಾಗಿಲ್ಲದ ಜಾಗದಲ್ಲಿ ಅದನ್ನ ಅನ್ನಲ್ಲ. ಅಲ್ಲಿ 'ಆನ್ಯೊಂಗಿ ಗೇಸೆಯೊ'. ನೀವು ಚೆನ್ನಾಗಿರಿ, ಅಷ್ಟೆ. ಹೊಸ್ತಿಲಲ್ಲೇ ಗೊತ್ತಾಗಿಬಿಡುತ್ತೆ ಯಾವುದು ಅಂತ. ನಿಮ್ಮಲ್ಲಿ ಎರಡನೇದಕ್ಕೆ ಏನಂತೀರಿ?"

ಎರಡಕ್ಕೂ ನಮ್ಮಲ್ಲಿ ಒಂದೇ ಮಾತು ಎಂದು ಆಗ ಹೇಳಬೇಕಾಗಿತ್ತು. "ನಮ್ಮಲ್ಲಿ ಎರಡನೇದು ಇಲ್ಲ," ಅಂದೆ. ಅವನಿಗೆ ಅದು ಬಹಳ ಹಿಡಿಸಿತು. ಬಿಟ್ಟುಹೋಗುವುದಕ್ಕೆ ಮಾತೇ ಇಲ್ಲದ ಜನ, ಎಂದು ಟ್ಯಾಬ್ಲೆಟ್ಟಿನ ಮೂಲೆಯಲ್ಲಿ ಗೀಚಿಕೊಂಡ. ನಾನು ತಿದ್ದಲಿಲ್ಲ. ಹೊಗಳಿಕೆಯಂತೆ ಕೇಳಿಸಿತು, ತಿದ್ದುವುದೇಕೆ?

ಮೆಲ್ಬರ್ನ್‌ನ ಒಂದು ಆಸ್ಪತ್ರೆಯಲ್ಲಿ ನನಗೆ ಮೇಲಿನ ದರ್ಜೆಯ ಕೆಲಸ ಸಿಕ್ಕಿತು. ಅಷ್ಟು ಹೊತ್ತಿಗೆ ನಾವಿಬ್ಬರೂ ಮದುವೆಯ ಮಾತು ಆಡಿಯೂ ಆಡದ ಹಾಗೆ ಇದ್ದೆವು. "ನಾನೂ ಬರ್ತೀನಿ. ಅಲ್ಲೂ ಟ್ರಾಲಿ ಇರುತ್ತೆ," ಅಂದ. ಮೊದಲು ನಾನು ಹೋಗಿ ಮನೆ ನೋಡುತ್ತೇನೆ, ಎರಡು ತಿಂಗಳಲ್ಲಿ ಬರುತ್ತೇನೆ, ಕೂತು ಮಾತಾಡೋಣ, ಅಂದೆ.

ಬೆಳಗಿನ ರೈಲು. ಸಿಡ್ನಿ ಸೆಂಟ್ರಲ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿಗೆ ಅವನು ಬುತ್ತಿ ತಂದಿದ್ದ. ಅನ್ನವನ್ನು ಕಡಲಸೊಪ್ಪಿನ ಹಾಳೆಯಲ್ಲಿ ಸುತ್ತಿ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದ್ದು, ಒಳಗೆ ನನ್ನ ಶೇಂಗಾ ಚಟ್ನಿ ತುಂಬಿದ್ದ. ಹನ್ನೊಂದು ತಾಸಿನ ದಾರಿ, ಹಸಿವಾಗುತ್ತೆ ಅಂದ. ನಾನು ಬಾಗಿಲ ಮೆಟ್ಟಿಲ ಮೇಲೆ ನಿಂತು "ಬರ್ತೇನಿ" ಅಂದೆ. "ಗೊತ್ತು," ಅಂದ. ಇಷ್ಟೇ ನಡೆದದ್ದು. ಆ ಹೊತ್ತಿನಲ್ಲಿ ನಾನು ಸುಳ್ಳು ಹೇಳಲಿಲ್ಲ. ಅದನ್ನು ಸುಳ್ಳು ಮಾಡಿದ್ದು ಆಮೇಲೆ.

ಮೆಲ್ಬರ್ನ್ ಹೊರವಲಯದ ಪಾಯಿಂಟ್ ಕುಕ್‌ನ ಕನ್ನಡದವರೊಬ್ಬರ ಮನೆಯಲ್ಲಿ ಯುಗಾದಿ ಊಟ. ಬೆಂಗಳೂರು, ಮೈಸೂರಿನ ಡಾಕ್ಟರು, ಇಂಜಿನಿಯರುಗಳೇ ಹೆಚ್ಚು. ಊಟ ಬಡಿಸುತ್ತಿದ್ದ ಆಂಟಿಯೊಬ್ಬರು ಕೇಳಿದರು:

"ಯಾರಾದ್ರೂ ಇದ್ದಾರೇನಮ್ಮಾ ನಿನ್ನ ಮನಸ್ಸಲ್ಲಿ?"

"ಒಬ್ಬ ಇದ್ದಾನೆ ಆಂಟಿ, ಸಿಡ್ನಿಯಲ್ಲಿ. ಕೊರಿಯಾದವನು."

"ಓ, ಪರವಾಗಿಲ್ಲ, ಈಗೆಲ್ಲ ನಡೆಯುತ್ತೆ. ಏನು ಮಾಡ್ತಾನೆ?"

"ಆಸ್ಪತ್ರೇಲಿದ್ದಾನೆ."

"ಡಾಕ್ಟರಾ? ಒಳ್ಳೇದಾಯ್ತು ಬಿಡು."

ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹೋಳಿಗೆ ಮೇಲೆ ತುಪ್ಪ ಹಾಕಿಕೊಂಡೆ. ಊಟ ಮುಗಿಯುವ ಹೊತ್ತಿಗೆ ನಾಲ್ಕು ಜನರಿಗೆ ಅವನು ಡಾಕ್ಟರಾಗಿದ್ದ.

ಆ ವಾರ ಅವ್ವನಿಗೆ ಫೋನ್ ಮಾಡಿದೆ. ಅವಳು ಕುಲ ಕೇಳಲಿಲ್ಲ, ದೇಶ ಕೇಳಲಿಲ್ಲ. "ಏನು ಓದ್ಯಾನ?" ಅಂದಳು.

"ಡಿಗ್ರಿ ಮುಗಿಸಿಲ್ಲವ್ವ. ಟ್ರಾಲಿ ತಳ್ಳತಾನ."

ಈಗ ಬೇಡ ಅನ್ನುತ್ತಾಳೆ ಎಂದು ಕಾದೆ. ನಿಜ ಹೇಳುತ್ತೇನೆ, ಅನ್ನಲಿ ಎಂದೇ ಕಾದೆ.

"ನಾ ಏನು ಓದೇನಿ?" ಅಂದಳು. "ನನ್ನ ರೊಟ್ಟಿ ತಿಂದ ಬೆಳದಿ ಅಲ್ಲ? ನಿನಗ ಚೊಲೊ ಅನಸಿದ್ರ ಕರಕೊಂಡು ಬಾ."

ಅವ್ವ ಬೇಡ ಅಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವಳ ಹೆಸರು ಹೇಳಿ ಅವನಿಗೊಂದು ಕಾಗದ ಬರೆದು, ಎರಡು ದಿನ ಅತ್ತು, ಮುಗಿಸಿಬಿಡಬಹುದಿತ್ತು. ಅವಳು ದಾರಿ ಬಿಟ್ಟುಕೊಟ್ಟ ಮೇಲೆ ಅಡ್ಡ ನಿಂತವಳು ನಾನೊಬ್ಬಳೇ ಎಂದು ಗೊತ್ತಾಯಿತು. ಆ ಮಾತನ್ನು ಅವನಿಗೆ ಹೇಗೆ ಬರೆಯುವುದು? ನೀನು ಟ್ರಾಲಿ ತಳ್ಳುವುದನ್ನು ನೋಡಿಯೇ ಇಷ್ಟಪಟ್ಟೆ, ಈಗ ಆ ಟ್ರಾಲಿಯನ್ನೇ ನಾಲ್ಕು ಜನರ ಮುಂದೆ ಹೇಳಲಾರೆ, ಎಂದೇ?

ಎರಡು ತಿಂಗಳು ಆಯಿತು, ನಾಲ್ಕು ಆಯಿತು. ಮೊದಲು ಅವನ ಫೋನಿಗೆ ಡ್ಯೂಟಿ ಅಂದೆ, ಆಮೇಲೆ ಎತ್ತಲಿಲ್ಲ. ಅವನ ಕೊನೆಯ ಮೆಸೇಜು ಹೀಗಿತ್ತು: "ಕೊನೆಯ ಕಂತು ಉಳಿದಿದೆ, ಗ್ರಾಜುಯೇಟ್. ಹಾರಿಹೋಗುವಾಗ ಅವಳು ಏನು ಹೇಳ್ತಾಳೆ?" ಉತ್ತರ ಬರೆದು ಅಳಿಸಿದೆ, ಬರೆದು ಅಳಿಸಿದೆ. ಕಡೆಗೆ ಕಳಿಸಲೇ ಇಲ್ಲ.

ವರ್ಷಗಳು ಹೋದವು. ಖಾಯಂ ಆಗಿ ಇಲ್ಲೇ ಇರುವ ಪಿಆರ್ ಬಂತು, ಬ್ಯಾಂಕ್ ಸಾಲ ಮಾಡಿ ಎರಡು ಕೋಣೆಯ ಮನೆ ಕೊಂಡೆ, ಮಾಸ್ಟರ್ಸ್ ಮಾಡಿದೆ. ಅವ್ವ ತೀರಿಕೊಂಡಳು. ಗೋಡೆಯ ಮೇಲೆ ಈಗ ಎರಡು ಸರ್ಟಿಫಿಕೇಟುಗಳಿವೆ.

ಪಕ್ಕದ ಬೀದಿಯಲ್ಲಿ ಬೆಂಗಳೂರಿನವರ ಮನೆಯಿದೆ. ಅವರ ಹದಿನೈದು ವರ್ಷದ ಮಗಳು ನನ್ನ ಹತ್ತಿರ ಬಯಾಲಜಿ ಹೇಳಿಸಿಕೊಳ್ಳಲು ಬರುತ್ತಾಳೆ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹೋದ ವರ್ಷ ಒಂದು ದಿನ ದಪ್ಪ ಚಿತ್ರಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, "ಆಂಟಿ, ದಿಸ್ ಈಸ್ ಸೋ ವಿಯರ್ಡ್," ಅಂದಳು. ಮುಖಪುಟದಲ್ಲಿ ನೀಲಗಿರಿ ಮರದ ತುದಿಗೆ ಏಣಿ ಹಾಕಿಕೊಂಡು ನಿಂತವನೊಬ್ಬ ಕತ್ತೆತ್ತಿ ಆಕಾಶ ನೋಡುತ್ತಿದ್ದ.

ಅವಳು ಕೊನೆಯ ಪುಟಗಳನ್ನು ತೆರೆದಳು. ಆಕಾಶದ ಕನ್ಯೆ ರೆಕ್ಕೆಯ ಬಟ್ಟೆ ಉಟ್ಟು ಮೆಟ್ಟಿಲ ಮೇಲೆ ನಿಂತಿದ್ದಾಳೆ, ರೈಲಿನ ಮೆಟ್ಟಿಲಿನಂಥದ್ದೇ. ಅವಳ ಬಾಯಿಂದ ಹೊರಟ ಗುಳ್ಳೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಶಬ್ದ: ಬರ್ತೇನಿ. ಕೆಳಗೆ ಸಣ್ಣಕ್ಷರದಲ್ಲಿ ಅರ್ಥ ಕೊಟ್ಟಿದ್ದ. ಆಕಾಶದ ಭಾಷೆಯಲ್ಲಿ, ಖಂಡಿತ ಮರಳಿ ಬರುವೆ ಎಂದು. ಅಲ್ಲಿಯವರಲ್ಲಿ ಬಿಟ್ಟುಹೋಗುವುದಕ್ಕೆ ಬೇರೆ ಮಾತಿಲ್ಲ.

"ಅಮ್ಮ ಫೋನ್ ಇಡೋವಾಗ ಹೇಳೋ ವರ್ಡ್ ತರಾನೇ ಇದೆ, ರೈಟ್?" ಅಂದಳು ಹುಡುಗಿ. ಮುಂದಿನ ಪುಟಗಳಲ್ಲಿ ಮಾತಿಲ್ಲ. ಋತುಗಳು ಬದಲಾಗುತ್ತವೆ, ಅವನು ದಿನಾ ಬೆಳಿಗ್ಗೆ ಏಣಿ ಹತ್ತುತ್ತಾನೆ. ಅಷ್ಟೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಎರಡು ವಾರಗಳ ನಂತರ, ಒಂದು ಶನಿವಾರ ಮಧ್ಯಾಹ್ನ, ಅವನು ಪುಸ್ತಕದ ಬಗ್ಗೆ ಮಾತಾಡಲು ನಮ್ಮ ಕಡೆಯ ಲೈಬ್ರರಿಗೆ ಬರುವವನಿದ್ದ. ಹುಡುಗಿಯೇ ಸೀಟು ಬುಕ್ ಮಾಡಿ ನನ್ನನ್ನು ಕಾರು ಓಡಿಸಲು ಹಚ್ಚಿದಳು. ನಾನು ಹಿಂದಿನ ಸಾಲಿನಲ್ಲಿ ಕೂರೋಣ ಅಂದೆ. ಅವನ ಕೂದಲು ಕಿವಿಯ ಬಳಿ ಬೆಳ್ಳಗಾಗಿತ್ತು. ಈಗಲೂ ವಾರಕ್ಕೆ ಮೂರು ದಿನ ಟ್ರಾಲಿ ತಳ್ಳುತ್ತೇನೆ ಎಂದು ಮೈಕಿನಲ್ಲಿ ಹೇಳಿದ. ನೂರು ಜನರ ಎದುರಿಗೆ, ಯಾವ ಸಂಕೋಚವೂ ಇಲ್ಲದೆ.

ಪ್ರಶ್ನೆ ಕೇಳುವ ಸರದಿ ಬಂದಾಗ ನನ್ನ ಪಕ್ಕದವಳು ಕೈ ಎತ್ತಿದಳು. ತಡೆಯುವಷ್ಟರಲ್ಲಿ ಎದ್ದು ನಿಂತಿದ್ದಳು.

"ಆ ಆಕಾಶದ ಭಾಷೆ ಕನ್ನಡ ಅಲ್ವಾ? ನಮ್ಮಮ್ಮ ಆ ಮಾತನ್ನ ಎಲ್ಲರಿಗೂ ಹೇಳ್ತಾರೆ. ಇಟ್ ಜಸ್ಟ್ ಮೀನ್ಸ್ ಬೈ."

ಅವನು ಅವಳನ್ನು ನೋಡಿದ. ಆಮೇಲೆ ಅವಳ ಪಕ್ಕ ಕೂತವಳನ್ನು ನೋಡಿದ.

"ಎಲ್ಲರಿಗೂನಾ?" ಅಂದ.

"ಪ್ಲಂಬರಿಗೂ, ಅಂಗಡಿಯವನಿಗೂ ಸಹ."

ಸಭೆ ನಕ್ಕಿತು. ಅವನೂ ನಕ್ಕ. "ಹಾಗಾದ್ರೆ ಆಕಾಶದವರು ತುಂಬ ಮರ್ಯಾದಸ್ಥರು," ಅಂದ. ಮುಂದಿನ ಪ್ರಶ್ನೆಗೆ ಉತ್ತರ ಕೊಡುವಾಗ ಎರಡು ಸಲ ಮಾತು ತಪ್ಪಿದ.

ನಾನೂ ಒಂದು ಪ್ರತಿ ಕೊಂಡು ಸಹಿ ಹಾಕಿಸಿಕೊಳ್ಳುವ ಸಾಲಿನಲ್ಲಿ ನಿಂತಾಗ ನನಗೆ ಒಂದು ಹೊರದಾರಿ ಸಿಕ್ಕಿತ್ತು, ಹುಡುಗಿ ತನಗರಿವಿಲ್ಲದೆ ತೆರೆದುಕೊಟ್ಟದ್ದು. ಅದು ಬರೀ ರೂಢಿಯ ಮಾತು, ನೀನು ತಪ್ಪು ತಿಳಿದೆ, ಅಂದುಬಿಟ್ಟರೆ ಸಾಕಿತ್ತು. ಅವನು ನಂಬುತ್ತಿದ್ದ. ಇಬ್ಬರೂ ನಕ್ಕು, ಭಾಷೆಯ ಮೇಲೆ ತಪ್ಪು ಹೊರಿಸಿ ಹಗುರಾಗಬಹುದಿತ್ತು. ಹುಡುಗಿ ಸಹಿ ಹಾಕಿಸಿಕೊಂಡು ಬಿಸ್ಕತ್ತಿನ ಮೇಜಿನ ಕಡೆ ಹೋದಳು.

"ಗ್ರಾಜುಯೇಟ್," ಅಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. "ತಪ್ಪು ನಂದೇ ಅಲ್ವಾ? ಡಿಕ್ಷನರಿ ನೋಡಬೇಕಿತ್ತು."

"ಇಲ್ಲ," ಅಂದೆ. "ಅದನ್ನ ನಾವು ಎಲ್ಲರಿಗೂ ಹೇಳ್ತೀವಿ, ನಿಜ. ನಿನಗೆ ಮಾತ್ರ ಬರೋ ಮನಸ್ಸಿಂದಲೇ ಹೇಳಿದ್ದೆ. ನೀನು ತಿಳ್ಕೊಂಡಿದ್ದು ಸರಿ ಇತ್ತು. ನಾನು ಬರಲಿಲ್ಲ."

ಅವನು ಪೆನ್ನಿನ ಮುಚ್ಚಳ ಹಾಕಿದ. "ಯಾಕೆ?"

"ನಿನಗೆ ಡಿಗ್ರಿ ಇಲ್ಲ ಅಂತ. ಟ್ರಾಲಿ ತಳ್ತೀಯ ಅಂತ. ನಮ್ಮ ತಾಯಿ ಬೇಡ ಅನ್ನಲಿಲ್ಲ. ನಾಚಿಕೆ ಪಟ್ಟವಳು ನಾನು."

ಇಂಗ್ಲಿಷಿನಲ್ಲಿ ಅದು ಇನ್ನೂ ಒರಟಾಗಿ ಕೇಳಿಸಿತು. ಹಿಂದೆ ಸಾಲಿನಲ್ಲಿದ್ದ ಹೆಂಗಸು ಬೇರೆ ಕಡೆ ನೋಡಿದಳು. ಅವನು ನನ್ನ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡ.

"ಒಂದು ಮೆಸೇಜ್ ಸಾಕಿತ್ತು," ಅಂದ. "ಬೈದುಕೊಂಡು ಬಿಟ್ಟುಬಿಡ್ತಿದ್ದೆ. ನಿನಗೇನೋ ಆಗಿದೆ, ಬರೋಕೆ ಆಗದ ಹಾಗೆ ಏನೋ ಆಗಿದೆ ಅಂತ ಎರಡು ವರ್ಷ ಕಾದೆ."

ತಪ್ಪಾಯಿತು ಅಂದೆ. ಆ ಮಾತು ಎಷ್ಟು ಸಣ್ಣದೆಂದು ಇಬ್ಬರಿಗೂ ಗೊತ್ತಿತ್ತು. ಅವನು ಪುಸ್ತಕ ತೆರೆದು ಸಹಿ ಹಾಕಿದ, ಸಹಿಯ ಮೇಲೆ ತನ್ನ ಭಾಷೆಯಲ್ಲಿ ಏನೋ ಬರೆದ. ನಾನು ಅರ್ಥ ಕೇಳಲಿಲ್ಲ. ಆಮೇಲೆ ಆ ಭಾಷೆ ಬಲ್ಲ ಸಹೋದ್ಯೋಗಿಯೊಬ್ಬಳಿಗೆ ತೋರಿಸಿದೆ. "ಬುತ್ತಿ ತಿಂದೆಯಾ?" ಎಂದು ಬರೆದಿದ್ದ. ತಿಂದಿದ್ದೆ. ರೈಲಿನಲ್ಲಿ, ಒಂದು ಬಿಲ್ಲೆಯನ್ನೂ ಬಿಡದೆ. ಅದನ್ನೂ ಅವನಿಗೆ ತಿಳಿಸಿರಲಿಲ್ಲ.

ಪುಸ್ತಕ ಎತ್ತಿಕೊಂಡೆ. ಹುಡುಗಿ ಬಿಸ್ಕತ್ತು ತಿನ್ನುತ್ತಾ ನನ್ನ ಪಕ್ಕಕ್ಕೆ ಬಂದು ನಿಂತಳು. ಬಾಯಿಗೆ ತಾನಾಗಿ ಬರುವ ಮಾತು ಬಂದೇಬಿಟ್ಟಿತ್ತು, ಹಲ್ಲು ಕಚ್ಚಿ ತಡೆದೆ. ಅವನೂ ಅದಕ್ಕೇ ಕಾಯುತ್ತಿರುವವನಂತೆ ನೋಡುತ್ತಿದ್ದ.

"ಹೋಗ್ತೇನಿ," ಅಂದೆ.

"ಇದು ಹೊಸದು. ಅರ್ಥ?"

"ಹೋಗ್ತೀನಿ ಅಂತಲೇ. ಬೇರೆ ಏನಿಲ್ಲ."

ಅವನು ತಲೆಯಾಡಿಸಿದ. ಹಿಂದಿದ್ದ ಹೆಂಗಸಿನ ಪುಸ್ತಕಕ್ಕೆ ಕೈ ಚಾಚಿದ.

ಕಾರಿನಲ್ಲಿ ಸೀಟ್‌ಬೆಲ್ಟ್ ಹಾಕಿಕೊಳ್ಳುತ್ತಾ ಹುಡುಗಿ, "ಆಂಟಿ, ಯು ಸೆಡ್ ಇಟ್ ರಾಂಗ್," ಅಂದಳು. "ಹಾಗನ್ನಬಾರದು ಅಂತ ಅಮ್ಮ ಬೈತಾರೆ."

"ಗೊತ್ತು ಪುಟ್ಟಾ," ಅಂದೆ. "ನಮ್ಮವ್ವನೂ ಬೈತಿದ್ದಳು."